ಲ್ಯೂಕ್ ಕತ್ತಿ ಎತ್ತಿದ್ದು ಸರಿಯೇ?

ಪ್ರಶ್ನೆ: ನಾನು ಬದಿಯಡ್ಕ ಹತ್ತಿರದವಳು. ಅಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು. ನನಗೆ ಅಮೆರಿಕದ ಸ್ಟಾರ್ ವಾರ್ಸ್ ಸಿನಿಮಾ ಸರಣಿಯ ಹುಚ್ಚು ಹಿಡಿಸಿದ್ದೇ ಅವನು. ಚಿಕ್ಕವಳಿದ್ದಾಗ ಅವನ ಪಕ್ಕ ಕೂತು, ಲ್ಯೂಕ್ ನಾಯಕನಾಗಿರುವ ಹಳೆಯ ಮೂರು ಸಿನಿಮಾಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ 2017ರಲ್ಲಿ ‘ದಿ ಲಾಸ್ಟ್ ಜೆಡೈ’ ಬಂದ ಮೇಲೆ ನಮ್ಮಿಬ್ಬರಿಗೂ ಸರಿ ಹೋಗುತ್ತಿಲ್ಲ. ನನಗೆ ಆ ಸಿನಿಮಾ ತುಂಬಾ ಇಷ್ಟ. ಅಣ್ಣನಿಗೆ ಅದರ ಹೆಸರೆತ್ತಿದರೆ ಸಿಟ್ಟು. "ನಮ್ಮ ಲ್ಯೂಕ್ ಮಲಗಿದ್ದ ಸೋದರಳಿಯನ ಮೇಲೆ ಕತ್ತಿ ಎತ್ತುವವನೇ ಅಲ್ಲ" ಅಂತಾನೆ. ವಿಮರ್ಶಕರು 100ಕ್ಕೆ 91 ಕೊಟ್ಟಿದ್ದಾರೆ ಎಂದು ನಾನು ಹೇಳಿದರೆ, ಪ್ರೇಕ್ಷಕರು ಅದರ ಅರ್ಧವೂ ಕೊಟ್ಟಿಲ್ಲ ಎಂದು ಅವನು ತೋರಿಸುತ್ತಾನೆ. ಈಗ ಹೊಸ ಸಿನಿಮಾ ‘ದಿ ಮ್ಯಾಂಡಲೋರಿಯನ್ ಅಂಡ್ ಗ್ರೋಗು’ಗೆ 2026ರ ಮೇ 22 ಎಂದು ದಿನ ಇಟ್ಟಿದ್ದಾರೆ. ಅಣ್ಣನ ಎಂಟು ವರ್ಷದ ಮಗನಿಗೆ ಅದನ್ನು ತೋರಿಸಬೇಕೆಂದು ನನ್ನ ಆಸೆ. ಅಣ್ಣ ಬೇಡ ಅನ್ನುತ್ತಾನೆ. ನಮ್ಮಿಬ್ಬರಲ್ಲಿ ಯಾರು ಸರಿ?

ಉತ್ತರ: ನಿಮ್ಮ ಪತ್ರ ಓದಿದ ರಾತ್ರಿಯೇ ಎರಡು ದೃಶ್ಯಗಳನ್ನು ಮತ್ತೆ ಹಾಕಿಕೊಂಡು ನೋಡಿದೆ. ಒಂದು 1983ರದ್ದು, ಇನ್ನೊಂದು 2017ರದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಲ್ಯೂಕ್ ಆ ಕ್ಷಣ ಕತ್ತಿ ಎತ್ತಿದ್ದನ್ನು ಸಮರ್ಥಿಸಬಹುದು. ಅಷ್ಟರ ಮಟ್ಟಿಗೆ ನಾನು ನಿಮ್ಮ ಕಡೆ. ಆದರೆ ನಿಮ್ಮ ಅಣ್ಣನಿಗೆ ಆದ ನೋವು ಸುಳ್ಳಲ್ಲ. ಅದು ವಾಸಿಯಾಗದೆ ಉಳಿದಿದ್ದಕ್ಕೆ 2017ರ ಸಿನಿಮಾಕ್ಕಿಂತ ಅದರ ಮುಂದಿನ ಕಂತಾದ 2019ರ ಸಿನಿಮಾ ಜಾಸ್ತಿ ಕಾರಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ಆ ಸಿನಿಮಾವನ್ನು ಮಂಗಳೂರಿಗೆ ಹೋಗಿ ನೋಡಿದ್ದೆ. ಜೊತೆಗೆ ನನ್ನ ಸಿನಿಮಾ ತರಗತಿಯ ಆರು ಹುಡುಗರಿದ್ದರು. ವಾಪಸ್ ಬರುವಾಗ ರೈಲಿನಲ್ಲಿ ಶುರುವಾದ ಜಗಳ ಉಪ್ಪಳ ದಾಟಿದರೂ ಮುಗಿಯಲಿಲ್ಲ. ಎದುರು ಸೀಟಿನಲ್ಲಿ ಒಬ್ಬರು ಅಜ್ಜ ಕೂತಿದ್ದರು. ಅವರಿಗೆ ಲ್ಯೂಕ್ ಯಾರೆಂದು ಗೊತ್ತಿಲ್ಲ. ಸುಮ್ನೆ ಕೇಳಿಸಿಕೊಳ್ಳುತ್ತಾ ಇದ್ದವರು ಕುಂಬಳೆಯಲ್ಲಿ ಇಳಿಯುವಾಗ ನನ್ನನ್ನು ಕೇಳಿದರು: "ಯಾವ ಕೂಟ? ಅರ್ಥ ಹೇಳಿದ್ದು ಯಾರು?"

ಆ ಪ್ರಶ್ನೆ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಯಾಕೆಂದರೆ ಅಜ್ಜ ಗುರುತಿಸಿದ್ದು ಸರಿಯಾಗಿಯೇ ಇತ್ತು. ಹುಡುಗರು ಮಾಡುತ್ತಿದ್ದ ಜಗಳ ನಮ್ಮ ಕಡೆ ತಾಳಮದ್ದಳೆ ಮುಗಿಸಿ ಮನೆಗೆ ನಡೆಯುವವರು ಮಾಡುವ ಜಗಳವೇ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ ಕೂಟ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರಧಾರಿಗಳು ಕೂತು ಅದಕ್ಕೆ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಾರೆ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಅವನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳ ಪದ್ಯ ಇಲ್ಲಿ ಎಷ್ಟೋ ಜನರಿಗೆ ಬಾಯಿಪಾಠ. ವಾಲಿ ಸಾಯುತ್ತಾನೆ ಎಂದು ಕೂಟಕ್ಕೆ ಬಂದ ಮಗುವಿಗೂ ಗೊತ್ತು. ಆದರೂ ಯಾಕೆ ಬರುತ್ತಾರೆ? ವಾಲಿ ಏನು ಕೇಳುತ್ತಾನೆ, ರಾಮ ಏನು ಹೇಳುತ್ತಾನೆ ಅನ್ನುವುದಕ್ಕೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಆ ರಾತ್ರಿಯನ್ನು ವರ್ಷಗಟ್ಟಲೆ ನೆನೆಸಿಕೊಳ್ಳುತ್ತಿದ್ದರು. ಮರೆಯಲ್ಲಿ ನಿಂತು ಬಾಣ ಬಿಟ್ಟವನ ಎದುರು ವಾಲಿಯ ಮಾತಿಗೆ ಎಷ್ಟು ತೂಕ ಬರುತ್ತದೆ ಅಂದರೆ, ರಾಮನ ಅರ್ಥ ಹೇಳುವವರಿಗೆ ಬೆವರು ಬರಬೇಕು.

ಪದ್ಯ ಬದಲಾಗುವುದಿಲ್ಲ. ಅರ್ಥ ದಿನವೂ ಹೊಸದು. ಆದರೆ ಅರ್ಥಧಾರಿಗೆ ಏನು ಬೇಕಾದರೂ ಹೇಳುವ ಸ್ವಾತಂತ್ರ್ಯ ಇಲ್ಲ. ಅವನು ಪಾತ್ರದ ಸ್ವಭಾವ ಬಿಡಬಾರದು. ಹಾಗೆಯೇ ಎದುರಿನವನು ಎತ್ತಿದ ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳಬಾರದು. ತಪ್ಪಿಸಿಕೊಂಡರೆ ಸಭೆಗೆ ಗೊತ್ತಾಗುತ್ತದೆ. ನಿಮ್ಮ ಜಗಳವನ್ನು ಈ ಎರಡು ಅಳತೆಯಿಂದಲೇ ನೋಡೋಣ.

ಮೊದಲು ಸ್ವಭಾವ. ನಿಮ್ಮ ಅಣ್ಣನ ವಾದ ಗಟ್ಟಿಯಾದದ್ದು, ಅದನ್ನು ಕಡಿಮೆ ಅಂದಾಜು ಮಾಡಬೇಡಿ. 1983ರ ‘ರಿಟರ್ನ್ ಆಫ್ ದಿ ಜೆಡೈ’ಯಲ್ಲಿ ತನ್ನ ಅಪ್ಪ, ಖಳನಾದ ಡಾರ್ತ್ ವೇಡರ್ ಒಳ್ಳೆಯವನಾಗಬಹುದು ಎಂದು ನಂಬಿದ್ದು ಲ್ಯೂಕ್ ಒಬ್ಬನೇ. ಅವನ ಗುರು ಓಬಿ-ವಾನ್‌ಗೆ ಆ ನಂಬಿಕೆ ಇರಲಿಲ್ಲ. ಇನ್ನೊಬ್ಬ ಗುರು ಯೋಡಾ ಕೂಡ ವೇಡರ್‌ನನ್ನು ಎದುರಿಸು ಎಂದೇ ಹೇಳಿ ಸತ್ತ. ಎಷ್ಟೋ ಜನರನ್ನು ಕೊಂದ ಅಪ್ಪನನ್ನು ಕೈಬಿಡದವನು, ಇನ್ನೂ ಒಂದು ತಪ್ಪೂ ಮಾಡದೆ ಮಲಗಿದ್ದ ತಂಗಿಯ ಮಗನನ್ನು ಹೇಗೆ ಕೈಬಿಟ್ಟ? ಲೇಯಾ ತನ್ನ ಮಗ ಬೆನ್‌ನನ್ನು ಲ್ಯೂಕ್‌ನ ಕೈಗೆ ಒಪ್ಪಿಸಿದ್ದಳು. ಅಳಿಯಕಟ್ಟಿನ ನಾಡಿನಲ್ಲಿ ಹುಟ್ಟಿದ ನಮಗೆ ಇದರ ಭಾರ ಬೇರೆಯವರಿಗಿಂತ ಜಾಸ್ತಿ ಗೊತ್ತಾಗುತ್ತದೆ. ಇಲ್ಲಿ ಸೋದರಮಾವ ಅಂದರೆ ಬರೀ ನೆಂಟನಲ್ಲ. ಮನೆ, ಮಾನ, ಮಕ್ಕಳು ಎಲ್ಲ ಅವನ ಹೊಣೆ. ಅಂಥ ಮಾವ ಅಳಿಯನ ಕೋಣೆಯಲ್ಲಿ ರಾತ್ರಿ ಹೊತ್ತು ಕತ್ತಿ ಹಿಡಿದು ನಿಂತರೆ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗುತ್ತದೆ. ನನಗೂ ಆಗಿತ್ತು.

ಈಗ ಅದೇ 1983ರ ಸಿನಿಮಾದ ಕೊನೆಯ ಕಾಳಗವನ್ನು ಮತ್ತೆ ನೋಡಿ. ವೇಡರ್‌ನ ಒಡೆಯನಾದ ಚಕ್ರವರ್ತಿ ಎದುರಿಗೆ ಕೂತಿದ್ದಾನೆ. ಲ್ಯೂಕ್ ಕತ್ತಲಲ್ಲಿ ಅಡಗಿದ್ದಾನೆ, ಜಗಳ ಬೇಡ ಅನ್ನುತ್ತಿದ್ದಾನೆ. ವೇಡರ್ ಅವನ ಮನಸ್ಸನ್ನು ಓದಿ ತಂಗಿ ಇರುವುದನ್ನು ಕಂಡುಹಿಡಿಯುತ್ತಾನೆ. ನೀನು ನಮ್ಮ ಕಡೆಗೆ ಬರದಿದ್ದರೆ ಅವಳು ಬರಬಹುದು ಎಂದು ಹೆದರಿಸುತ್ತಾನೆ. ಅಷ್ಟೇ ಸಾಕಾಯಿತು. ಲ್ಯೂಕ್ ಕೂಗುತ್ತಾ ಹೊರಗೆ ನುಗ್ಗುತ್ತಾನೆ. ಹುಚ್ಚು ಹಿಡಿದವನ ಹಾಗೆ ಹೊಡೆಯುತ್ತಾನೆ. ಅಪ್ಪನ ಕೈ ಕತ್ತರಿಸಿ ಬೀಳುವವರೆಗೂ ನಿಲ್ಲುವುದಿಲ್ಲ. ಆಮೇಲೆ ತುಂಡಾದ ಆ ಯಂತ್ರದ ಕೈಯನ್ನೂ ತನ್ನ ಯಂತ್ರದ ಕೈಯನ್ನೂ ನೋಡುತ್ತಾನೆ. ಆಗ ಎಚ್ಚರ ಬರುತ್ತದೆ. ಆಗ ಕತ್ತಿ ಎಸೆಯುತ್ತಾನೆ.

ಕತ್ತಿ ಎಸೆದದ್ದು ಎಲ್ಲರಿಗೂ ನೆನಪಿದೆ. ಅದಕ್ಕಿಂತ ಮುಂಚೆ ಅವನು ಕೈ ಕತ್ತರಿಸಿದ್ದು ಬಹಳ ಮಂದಿಗೆ ಮರೆತುಹೋಗಿದೆ. ತನ್ನವರಿಗೆ ಅಪಾಯ ಎಂದು ಕಂಡರೆ ಲ್ಯೂಕ್‌ಗೆ ಒಂದು ಕ್ಷಣ ಕಣ್ಣು ಕತ್ತಲಾಗುತ್ತದೆ. ಇದು 1980ರ ಸಿನಿಮಾದಿಂದಲೂ ಇರುವ ಸ್ವಭಾವ. ಅಲ್ಲಿಯೂ ಗೆಳೆಯರು ಸಂಕಟದಲ್ಲಿದ್ದಾರೆ ಎಂದು ಯೋಡಾನ ಮಾತು ಮೀರಿ ಓಡುತ್ತಾನೆ, ಕೈ ಕಳೆದುಕೊಳ್ಳುತ್ತಾನೆ. 2017ರಲ್ಲಿ ಅವನು ಬೆನ್‌ನ ಮನಸ್ಸಿನಲ್ಲಿ ಕಂಡದ್ದು ಏನು? ತಾನು ಪ್ರೀತಿಸಿದ್ದೆಲ್ಲ ನಾಶವಾಗುವುದನ್ನು. ಬೆಳಕಿನ ಕತ್ತಿ ಹೊತ್ತಿತು. ತಕ್ಷಣ ನಾಚಿಕೆಯಾಯಿತು, ಕೈ ಇಳಿಯಿತು. ಈ ಸಲ ಅಪ್ಪನ ಕೈಗೆ ಬಿದ್ದಂಥ ಒಂದು ಪೆಟ್ಟೂ ಬೀಳಲಿಲ್ಲ. ಆದರೆ ಹುಡುಗನಿಗೆ ಎಚ್ಚರವಾಗಿತ್ತು. ಅವನು ಕಂಡದ್ದು ಮಾವನ ಮುಖ ಮತ್ತು ಹಸಿರು ಕತ್ತಿ ಮಾತ್ರ. ಹಾಗಾಗಿ ಸ್ವಭಾವ ಕೆಟ್ಟಿಲ್ಲ ಎಂದೇ ನನ್ನ ನಂಬಿಕೆ. ಹಳೆಯ ಗಾಯ ಹೊಸ ಜಾಗದಲ್ಲಿ ತೆರೆದುಕೊಂಡಿದೆ.

ಆದರೂ ಒಂದು ದೂರು ನನಗೆ ಇದೆ. ಆ ರಾತ್ರಿಯನ್ನು ಸಿನಿಮಾ ಮೂರು ಸಲ ಹೇಳುತ್ತದೆ. ಮೊದಲು ಲ್ಯೂಕ್ ಮುಚ್ಚಿಟ್ಟು ಹೇಳಿದ್ದು, ಆಮೇಲೆ ಕೈಲೋ ರೆನ್ ಎಂಬ ಖಳನಾದ ಬೆನ್ ಹೇಳಿದ್ದು, ಕೊನೆಗೆ ಲ್ಯೂಕ್ ಒಪ್ಪಿಕೊಂಡದ್ದು. ಮೂರೂ ಚಿಕ್ಕ ಚಿಕ್ಕ ತುಣುಕುಗಳು. ಬೆನ್ ಹಾಳಾಗುತ್ತಾ ಹೋದ ವರ್ಷಗಳು, ಮಾವನ ಹೆದರಿಕೆ ಬೆಳೆದ ಬಗೆ, ತಂಗಿಗೆ ಏನು ಹೇಳಲಿ ಎಂಬ ಸಂಕಟ, ಯಾವುದೂ ತೆರೆಯ ಮೇಲೆ ಇಲ್ಲ. ಚಿಕ್ಕಂದಿನಿಂದ ಒಬ್ಬನನ್ನು ವೀರ ಎಂದು ಎದೆಯಲ್ಲಿ ಇಟ್ಟುಕೊಂಡವನಿಗೆ ಇಷ್ಟು ಪೀಠಿಕೆ ಸಾಲದು. ನಿಮ್ಮ ಅಣ್ಣ ಇಲ್ಲಿ ಸಿಟ್ಟಾದರೆ ನಾನು ಅವರ ಪಕ್ಕದಲ್ಲೇ ಕೂರುತ್ತೇನೆ.

ಇನ್ನು ಲ್ಯೂಕ್ ಯಾರಿಗೂ ಹೇಳದೆ ದ್ವೀಪದಲ್ಲಿ ಅಡಗಿ ಕೂತದ್ದು. ಇದನ್ನು ಅನೇಕರು 2017ರ ಸಿನಿಮಾದ ನಿರ್ದೇಶಕ ರಯಾನ್ ಜಾನ್ಸನ್ ತಲೆಗೆ ಕಟ್ಟುತ್ತಾರೆ. ಅದು ನ್ಯಾಯವಲ್ಲ. ಲ್ಯೂಕ್‌ನನ್ನು ಅಲ್ಲಿ ಕೂರಿಸಿದ್ದು 2015ರ ಸಿನಿಮಾ, ಜೆ.ಜೆ. ಏಬ್ರಮ್ಸ್ ನಿರ್ದೇಶಿಸಿದ್ದು. ಬೆನ್‌ನ ಅಪ್ಪ ಹಾನ್ ಸೋಲೋ ಮಗನ ಕೈಯಲ್ಲೇ ಸತ್ತಾಗಲೂ ಲ್ಯೂಕ್ ಬರಲಿಲ್ಲ. ಕೊನೆಯ ದೃಶ್ಯದಲ್ಲಿ ಹೊಸ ಸಿನಿಮಾಗಳ ನಾಯಕಿ ರೇ ಬೆಟ್ಟ ಹತ್ತುತ್ತಾಳೆ, ಅವನು ತಿರುಗಿ ನೋಡುತ್ತಾನೆ, ಅವಳು ಕತ್ತಿ ನೀಡುತ್ತಾಳೆ, ಸಿನಿಮಾ ಮುಗಿಯುತ್ತದೆ. ಅಂದರೆ ಭಾಗವತರು ಪದ್ಯ ಹಾಡಿ ಆಗಿದೆ: ವೀರನೊಬ್ಬ ತನ್ನವರೆಲ್ಲ ಸಾಯುತ್ತಿರುವಾಗ ಅಡಗಿದ್ದಾನೆ. ಅರ್ಥ ಹೇಳುವ ಸರದಿ ಮುಂದಿನವನದ್ದು. ಜಾನ್ಸನ್ ಆ ಪದ್ಯವನ್ನು ಗಂಭೀರವಾಗಿ ತೆಗೆದುಕೊಂಡರು. ಅಡಗುವುದಕ್ಕೆ ಒಂದೇ ಕಾರಣ ಇರಲು ಸಾಧ್ಯ, ಅದು ನಾಚಿಕೆ ಎಂದರು. ಯೋಡಾ ಡಾಗೋಬಾದ ಜೌಗಿನಲ್ಲಿ, ಓಬಿ-ವಾನ್ ಟ್ಯಾಟೂಯಿನ್ ಮರಳಿನಲ್ಲಿ ಅಡಗಿ ಬದುಕಿದ್ದನ್ನು ನೆನೆಸಿಕೊಂಡರೆ, ಸೋತ ಜೆಡೈ (ಬೆಳಕಿನ ಕತ್ತಿ ಹಿಡಿಯುವ ಯೋಧರ) ಗುರು ಹೀಗೆ ದೂರ ಹೋಗುವುದು ಈ ಕಥೆಗೆ ಹೊಸದೂ ಅಲ್ಲ. ಲ್ಯೂಕ್ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಅವರೇ ಈ ಅರ್ಥಕ್ಕೆ ಮೊದಲು ಒಪ್ಪಿರಲಿಲ್ಲ. ಅದನ್ನು ಎಲ್ಲರೆದುರು ಹೇಳಿದರು. ಆಮೇಲೆ ಹಾಗೆ ಹೇಳಬಾರದಿತ್ತು ಎಂದು ಬೇಸರಪಟ್ಟರು. ಪಾತ್ರದ ಜೊತೆ 40 ವರ್ಷ ಬದುಕಿದವರಿಗೇ ಕಷ್ಟವಾದರೆ ನಿಮ್ಮ ಅಣ್ಣನಿಗೆ ಆಗುವುದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಈಗ ಎರಡನೇ ಅಳತೆ, ಎದುರಿನವನ ಪ್ರಶ್ನೆಗೆ ಉತ್ತರ. 2017ರ ಸಿನಿಮಾ ಕೆಲವು ದೊಡ್ಡ ಮಾತುಗಳನ್ನು ಆಡಿತು. ರೇಯ ಅಪ್ಪ ಅಮ್ಮ ಯಾರೂ ಅಲ್ಲ, ಕುಡಿತದ ಕಾಸಿಗೆ ಮಗಳನ್ನು ಮಾರಿದವರು ಎಂದಿತು. ಶಕ್ತಿ ದೊಡ್ಡ ವಂಶದವರ ಸೊತ್ತಲ್ಲ ಎಂದಿತು. ಒಪ್ಪಬಹುದು, ಬಿಡಬಹುದು. ಆದರೆ ಅದು ಸಭೆಯ ನಡುವೆ ಇಟ್ಟ ಮಾತು. ಒಂಬತ್ತನೇ ಕಂತನ್ನು ಮೊದಲು ಕಾಲಿನ್ ಟ್ರೆವೊರೊ ಮಾಡಬೇಕಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಅವರು ಹೊರಗೆ ಹೋದರು. ಕೆಲಸ ಮತ್ತೆ ಏಬ್ರಮ್ಸ್ ಕೈಗೆ ಬಂತು. 2019ರ ಡಿಸೆಂಬರ್‌ನಲ್ಲಿ ಬಂದ ಆ ಸಿನಿಮಾ ಏನು ಮಾಡಿತು? ರೇ ಚಕ್ರವರ್ತಿ ಪಾಲ್ಪಟೀನ್‌ನ ಮೊಮ್ಮಗಳು ಎಂದಿತು. 1983ರಲ್ಲೇ ಸತ್ತಿದ್ದ ಆ ಚಕ್ರವರ್ತಿ ಮತ್ತೆ ಬಂದ. ಹೇಗೆ ಬದುಕಿದ ಅನ್ನುವುದಕ್ಕೆ ಸರಿಯಾದ ವಿವರಣೆಯೂ ಇಲ್ಲ.

ಹಳೆಯ ಮಾತನ್ನು ತಿರುಗಿಸುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಈ ಸರಣಿ ನಿಂತಿರುವುದೇ ಅಂಥ ಒಂದು ತಿರುವಿನ ಮೇಲೆ. 1977ರಲ್ಲಿ ಓಬಿ-ವಾನ್ ಲ್ಯೂಕ್‌ಗೆ ಹೇಳುವುದು ವೇಡರ್ ನಿನ್ನ ಅಪ್ಪನನ್ನು ಕೊಂದ ಎಂದು. 1980ರಲ್ಲಿ ವೇಡರೇ ಅಪ್ಪ ಎಂದಾಯಿತು. ಈ ಗುಟ್ಟು ಹೊರಗೆ ಹೋಗಬಾರದೆಂದು ಚಿತ್ರೀಕರಣದಲ್ಲಿ ಬೇರೆಯೇ ಮಾತು ಹೇಳಿಸಿ, ನಿಜವಾದ ಮಾತನ್ನು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ಅವರ ದನಿಯಲ್ಲಿ ಸೇರಿಸಿದರು. ಹಾಗಾದರೆ ಓಬಿ-ವಾನ್ ಸುಳ್ಳು ಹೇಳಿದನೇ? 1983ರಲ್ಲಿ ಲ್ಯೂಕ್ ಇದನ್ನೇ ಮುಖಕ್ಕೆ ಕೇಳುತ್ತಾನೆ. ಓಬಿ-ವಾನ್ ಕೂತು ಉತ್ತರ ಕೊಡುತ್ತಾನೆ. ನಿನ್ನ ಅಪ್ಪ ವೇಡರ್ ಆದ ದಿನವೇ ಆ ಒಳ್ಳೆಯ ಮನುಷ್ಯ ಸತ್ತ, ಹಾಗೆ ನೋಡಿದರೆ ನಾನು ಹೇಳಿದ್ದು ನಿಜ ಅನ್ನುತ್ತಾನೆ. ಲ್ಯೂಕ್‌ಗೆ ಆ ಉತ್ತರ ಪೂರ್ತಿ ಹಿಡಿಸುವುದಿಲ್ಲ. ನೋಡುವವರಿಗೂ ಹಿಡಿಸಬೇಕೆಂದಿಲ್ಲ. ಆದರೆ ಪ್ರಶ್ನೆಯನ್ನು ಎದುರಿಸಿದರು. ಅರ್ಥಗಾರಿಕೆ ಅಂದರೆ ಅದು. 2019ರ ಸಿನಿಮಾ ಈ ಕಷ್ಟ ತೆಗೆದುಕೊಳ್ಳಲಿಲ್ಲ. ಹಿಂದಿನವರು ಹೇಳಿದ್ದನ್ನು ಅವಸರದಲ್ಲಿ ಬದಿಗೆ ಸರಿಸಿತು. 2015, 2017, 2019ರ ಮೂರು ಸಿನಿಮಾಗಳಿಗೂ ಸೇರಿ ಒಂದೇ ಕಥೆಯನ್ನು ಮೊದಲೇ ಕಟ್ಟಿಟ್ಟುಕೊಂಡಿರಲಿಲ್ಲ ಎಂಬುದು ಅಲ್ಲಿ ಕಾಣುತ್ತದೆ. ಅದರಿಂದ ನಿಮಗೂ ಸಮಾಧಾನ ಆಗಲಿಲ್ಲ, ನಿಮ್ಮ ಅಣ್ಣನಿಗೂ ಆಗಲಿಲ್ಲ. ನಿಮಗೆ ಇಷ್ಟವಾದದ್ದನ್ನು ಅಳಿಸಿದರು. ಅವರಿಗೆ ನೋವಾದದ್ದಕ್ಕೆ ಮದ್ದು ಹಚ್ಚಲಿಲ್ಲ.

ಅಂಕಗಳ ವಿಷಯ ಬೇಗ ಮುಗಿಸುತ್ತೇನೆ, ಅದಕ್ಕೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ವಿಮರ್ಶೆಗಳನ್ನು ಲೆಕ್ಕ ಹಾಕುವ ರಾಟನ್ ಟೊಮ್ಯಾಟೋಸ್ ಜಾಲತಾಣದ 91 ಅಂದರೆ ವಿಮರ್ಶಕರು 100ಕ್ಕೆ 91 ಅಂಕ ಕೊಟ್ಟರು ಎಂದಲ್ಲ. 100 ವಿಮರ್ಶಕರಲ್ಲಿ 91 ಮಂದಿ ಸಿನಿಮಾದ ಪರವಾಗಿ ಬರೆದರು ಎಂದು. ತುಂಬಾ ಮೆಚ್ಚಿದವರೂ, ಪರವಾಗಿಲ್ಲ ಎಂದವರೂ ಅಲ್ಲಿ ಒಂದೇ ಲೆಕ್ಕ. ಪ್ರೇಕ್ಷಕರ ಅಂಕದ ಕಥೆ ಬೇರೆ. ಆಗ ಅಲ್ಲಿ ಟಿಕೆಟ್ ಕೊಂಡಿದ್ದಕ್ಕೆ ಪುರಾವೆ ಕೇಳುತ್ತಿರಲಿಲ್ಲ. ಯಾರು ಬೇಕಾದರೂ ಅಂಕ ಹಾಕಬಹುದಿತ್ತು. ಟಿಕೆಟ್ ಕೊಂಡವರನ್ನು ಬೇರೆಯಾಗಿ ಎಣಿಸುವ ಕ್ರಮ 2019ರಲ್ಲಿ ಬಂತು. ಇನ್ನೊಂದು ಕಡೆ ಅಮೆರಿಕದಲ್ಲಿ ಸಿನೆಮಾಸ್ಕೋರ್‌ನವರು ಮೊದಲ ದಿನ ಥಿಯೇಟರ್‌ನಲ್ಲೇ ಕಾರ್ಡ್ ಕೊಟ್ಟು ಕೇಳುತ್ತಾರೆ. ಅಲ್ಲಿ ಈ ಸಿನಿಮಾಕ್ಕೆ ‘ಎ’ ಸಿಕ್ಕಿತು. ಮೊದಲ ದಿನವೇ ಓಡಿ ಬಂದವರು ಪ್ರೀತಿಯಿಂದ ಬಂದವರು, ಅದನ್ನೂ ನೆನಪಿಡಿ. ಇವುಗಳಲ್ಲಿ ಯಾವುದೂ ನಿಮ್ಮ ಜಗಳಕ್ಕೆ ತೀರ್ಪು ಕೊಡಲಾರದು. ಕೂಟ ಮುಗಿದ ಮೇಲೆ ವಾಲಿಗೆ ಎಷ್ಟು ಅಂಕ, ರಾಮನಿಗೆ ಎಷ್ಟು ಎಂದು ಯಾರಾದರೂ ಕೇಳುತ್ತಾರಾ?

ಅದಕ್ಕಿಂತ ಮುಖ್ಯವಾದ ಒಂದು ಮಾತಿದೆ. ಇದು ನನಗೆ ಹತ್ತಿರದ ವಿಷಯ. ಈ ಸಿನಿಮಾದಲ್ಲಿ ರೋಸ್ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ಎಂಬ ಹೆಣ್ಣುಮಗಳಿಗೆ ಜನ ಎಷ್ಟು ಕೀಳಾಗಿ ಬೈದರು ಅಂದರೆ, ಅವರು 2018ರಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿದ್ದ ತಮ್ಮ ಫೋಟೋಗಳನ್ನೆಲ್ಲ ತೆಗೆದುಬಿಟ್ಟರು. ಅದಕ್ಕಿಂತ ಹಿಂದೆ, 1999ರಲ್ಲಿ ಜಾರ್ ಜಾರ್ ಬಿಂಕ್ಸ್ ಪಾತ್ರ ಮಾಡಿದ ಅಹ್ಮದ್ ಬೆಸ್ಟ್ ಬೈಗುಳ ತಾಳಲಾರದೆ ಸಾಯುವ ಯೋಚನೆಯವರೆಗೂ ಹೋಗಿದ್ದರು. ಅದನ್ನು ಅವರು ಹೇಳಿಕೊಂಡದ್ದು ಸುಮಾರು 20 ವರ್ಷ ಆದ ಮೇಲೆ. ಪಾತ್ರದ ಜೊತೆ ಎಷ್ಟು ಬೇಕಾದರೂ ಜಗಳ ಮಾಡಲಿ. ಬರೆದವರನ್ನೂ ಪ್ರಶ್ನೆ ಮಾಡಲಿ. ನಮ್ಮಲ್ಲಿ ಕೌರವನಾಗಿ ಕೃಷ್ಣನನ್ನು ಬೈದವರು ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಅದೇ ಕೃಷ್ಣನ ಜೊತೆ ಕೂತು ಚಹಾ ಕುಡಿಯುತ್ತಾರೆ. ನಟಿಸಿದವರ ಮನೆ ಬಾಗಿಲಿಗೆ ಹೋಗಿ ಬೈಯುವುದು ರಸಿಕರ ಕೆಲಸ ಅಲ್ಲವೇ ಅಲ್ಲ. ನಿಮ್ಮ ಅಣ್ಣ ಅಂಥವರಲ್ಲ ಎಂದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ.

1999ರ ಆ ಸಿನಿಮಾವನ್ನು ಆಗ ದೊಡ್ಡವರು ಬೈದರು. ಅದೇ ಸಿನಿಮಾವನ್ನು ಎಂಟು ಹತ್ತು ವರ್ಷಕ್ಕೆ ನೋಡಿದ ಮಕ್ಕಳು ಬೆಳೆದು, 2024ರಲ್ಲಿ ಅದು 25 ವರ್ಷ ಎಂದು ಮತ್ತೆ ಥಿಯೇಟರ್‌ಗೆ ಬಂದಾಗ ಪ್ರೀತಿಯಿಂದ ಹೋಗಿ ಕೂತರು. ಯಾವ ವಯಸ್ಸಿನಲ್ಲಿ ನೋಡಿದಿರಿ ಅನ್ನುವುದು ಬಹಳ ಮುಖ್ಯ. ನಿಮ್ಮ ಅಣ್ಣ ಲ್ಯೂಕ್‌ನನ್ನು ಕಂಡದ್ದು ಹುಡುಗನಾಗಿದ್ದಾಗ. ನೀವು ದ್ವೀಪದ ಲ್ಯೂಕ್‌ನನ್ನು ಕಂಡದ್ದು ಹದಿಹರೆಯದಲ್ಲಿ, ದೊಡ್ಡವರೂ ಸೋಲುತ್ತಾರೆ ಎಂದು ಗೊತ್ತಾಗುವ ವಯಸ್ಸಿನಲ್ಲಿ. ಒಂದೇ ಮನೆಯಲ್ಲಿ ಇಬ್ಬರು ಲ್ಯೂಕ್ ಇದ್ದಾರೆ.

ಒಂದು ಕೆಲಸ ಮಾಡಿ ನೋಡಿ. ಒಂದು ಭಾನುವಾರ ಊಟವಾದ ಮೇಲೆ ಅಣ್ಣನನ್ನು ಕೂರಿಸಿಕೊಂಡು ನಾನು ಹೇಳಿದ ಎರಡು ದೃಶ್ಯಗಳನ್ನು ಮಾತ್ರ ಹಾಕಿ. ಆಮೇಲೆ ಪಾತ್ರ ಬದಲಿಸಿ. ಲ್ಯೂಕ್‌ನ ಪರವಾಗಿ ಅಣ್ಣ ಮಾತಾಡಲಿ. ನೀವು ಬೆನ್ ಆಗಿ ಮಾವನನ್ನು ಕೇಳಿ. ಇವತ್ತು ರಾಮ ಆದವರು ನಾಳೆ ವಾಲಿ ಆಗುವುದು ನಮ್ಮಲ್ಲಿ ಇದ್ದದ್ದೇ. ನನ್ನ ತರಗತಿಯ ಹುಡುಗರಲ್ಲಿ ಇದನ್ನು ಮಾಡಿಸಿದ್ದೇನೆ. ಗೆದ್ದವರು ಯಾರೂ ಇಲ್ಲ, ಆದರೆ ಎರಡನೇ ಸಲ ಮಾತಾಡುವಾಗ ಎಲ್ಲರ ದನಿಯೂ ಸ್ವಲ್ಪ ಇಳಿದಿತ್ತು.

ಇನ್ನು ಹೊಸ ಸಿನಿಮಾ. ಜಾನ್ ಫ್ಯಾವ್ರೋ ಅವರ ಈ ಸಿನಿಮಾ 2019ರ ನವೆಂಬರ್‌ನಲ್ಲಿ ಶುರುವಾದ ಸರಣಿಯಿಂದ ಮುಂದುವರಿದದ್ದು. ಕಥೆ ನಡೆಯುವುದು 1983ರ ಸಿನಿಮಾದ ಕಥೆ ಮುಗಿದ ಮೇಲೆ, 2015ರದ್ದು ಶುರುವಾಗುವುದಕ್ಕೆ ಎಷ್ಟೋ ವರ್ಷ ಮುಂಚೆ. ಹಾಗಾಗಿ ನಿಮ್ಮ ಜಗಳ ನಡೆಯುತ್ತಿರುವ ದ್ವೀಪದಿಂದ ಇದು ದೂರ. ಅಣ್ಣ ಆ ಸರಣಿಯ ಎರಡನೇ ಭಾಗದ ಕೊನೆಯ ಕಂತನ್ನು ನೋಡಿಲ್ಲದಿದ್ದರೆ ಅದನ್ನು ಮೊದಲು ತೋರಿಸಿ. ಅಲ್ಲಿ ಕಪ್ಪು ಬಟ್ಟೆ ತೊಟ್ಟ ಒಬ್ಬ ಹಸಿರು ಕತ್ತಿ ಹಿಡಿದು ಬರುತ್ತಾನೆ. ಯಾರೆಂದು ನಾನು ಹೇಳುವುದಿಲ್ಲ. ನಿಮ್ಮ ಅಣ್ಣನಿಗೆ ಕತ್ತಿಯ ಬಣ್ಣ ಕಂಡ ಕೂಡಲೇ ಗೊತ್ತಾಗುತ್ತದೆ.

ಮಗುವಿಗೆ ಮಾತ್ರ ಶುರು ಮಾಡುವುದು 1977ರದ್ದರಿಂದ. ಒಂದನೇ ಕಂತು ಎಂಬ ಹೆಸರಿದೆಯೆಂದು 1999ರ ಸಿನಿಮಾವನ್ನು ಮೊದಲು ಹಾಕಬೇಡಿ. ಆ ಕ್ರಮದಲ್ಲಿ ಹೋದರೆ ವೇಡರ್ ಯಾರೆಂಬ ಗುಟ್ಟು 1980ರದ್ದಕ್ಕೆ ಬರುವ ಮೊದಲೇ ಬಯಲಾಗುತ್ತದೆ. ಬಂದ ಕ್ರಮದಲ್ಲೇ ನೋಡಲಿ. ವಾರಕ್ಕೆ ಒಂದು ಸಾಕು. ತೋರಿಸುವ ಕೆಲಸವನ್ನು ಅಣ್ಣನಿಗೇ ಬಿಡಿ, ನಿಮಗೆ ತೋರಿಸಿದ್ದು ಅವರೇ ತಾನೇ. ನೀವು ಪಕ್ಕದಲ್ಲಿ ಕೂತಿರಿ. ಎರಡನೇ ವಾರ ಆ ಸೇತುವೆಯ ಮೇಲೆ ವೇಡರ್ ಕೈ ಚಾಚಿ ಆ ಮಾತು ಹೇಳಿದಾಗ ಮಗು ಪರದೆಯನ್ನು ಬಿಟ್ಟು ಅಪ್ಪನ ಮುಖ ನೋಡುತ್ತದೆ. ಆಗ ನೀವಿಬ್ಬರೂ ಏನೂ ಹೇಳಬೇಡಿ.